ಒಳಗೆಳೆದ ಹೂಂ

ನಮ್ಮ ಮನೆಯಲ್ಲಿ ಕಥೆ ಹೇಳುವುದಕ್ಕೆ ಒಂದು ಕರಾರಿತ್ತು. ಕೇಳುವವರು ನಡುನಡುವೆ ‘ಹೂಂ’ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಗೋಡೆಗೆ ಕಥೆ ಹೇಳುವ ಹಣೆಬರಹ ಯಾರಿಗೂ ಬೇಡ ಅನ್ನುತ್ತಿದ್ದಳು ನಮ್ಮಜ್ಜಿ.

ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದ ಮೇಲೆ ಆ ಮಾತು ನನಗೆ ಬಹಳ ಸಲ ನೆನಪಾಗಿದೆ. ಬೆಳಿಗ್ಗೆ ನಮ್ಮವರು ಟ್ರ್ಯಾಮ್ ಹತ್ತಿ ಆಫೀಸಿಗೆ ಹೋಗುತ್ತಾರೆ, ಕಾರಿನ ಕಂಪನಿಯೊಂದರಲ್ಲಿ ಕೆಲಸ. ಮಗಳು ಸ್ಕೂಲಿಗೆ. ಆಮೇಲೆ ಹಗಲೆಲ್ಲ ನನ್ನ ಮಾತು ದೇವರ ಜೊತೆ, ಇಲ್ಲವೇ ಕುಕ್ಕರ್ ಜೊತೆ. ಇಬ್ಬರಲ್ಲಿ ಬಾಯಿಬಿಟ್ಟು ಉತ್ತರ ಕೊಡುವುದು ಕುಕ್ಕರೇ, ದೇವರು ಕ್ಷಮಿಸಲಿ. ಊದುಬತ್ತಿ ಹಚ್ಚಿದರೆ ಚಾವಣಿಯ ಹೊಗೆ ಅಲಾರ್ಮ್ ಕಿರುಚಿಕೊಳ್ಳುತ್ತದೆ ಅಂತ ಬರಿ ತುಪ್ಪದ ದೀಪ ಹಚ್ಚುತ್ತೇನೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲೆ. ಸಂಜೆ ದೀಪವನ್ನು ಯಾವಾಗ ಹಚ್ಚಬೇಕು ಅಂತ ಮೊದಲೆರಡು ವರ್ಷ ಗೊತ್ತಾಗದೆ, ಕೊನೆಗೆ ಮಗಳು ಮನೆಗೆ ಬಂದ ಹೊತ್ತೇ ಸಂಜೆ ಅಂತ ಇಟ್ಟುಕೊಂಡೆ. ಆಕೆ ಬಂದು ಬೂಟು ಬಿಚ್ಚುವ ಸದ್ದು ಕೇಳಿದ ಮೇಲೆ ದೀಪ. ಅದೂ ಒಂದು ಕೃಪೆ, ದಿನಾ ಬರುತ್ತಾಳಲ್ಲ.

ಆದರೆ ಬಂದವಳು ಮಾತಾಡುವುದು ಸ್ವೀಡಿಷ್. ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಅವರ ಭಾಷೆಯಲ್ಲಿ. “ಊಟಕ್ಕೆ ಬಾ ಪುಟ್ಟಿ” ಅಂದರೆ “ಕೊಮ್ಮರ್!” ಅಂತ ಕೂಗುತ್ತಾಳೆ. ಬಂದೆ ಅಂತ ಅರ್ಥ. ಇಂಥ ಚಿಕ್ಕ ಮಾತು ನನಗೂ ಬರುತ್ತದೆ. ಸ್ವೀಡಿಷ್ ಕ್ಲಾಸಿಗೆ ಹೋಗಿದ್ದೆ, ಅಂಗಡಿಗೆ, ಡಾಕ್ಟರಿಗೆ ಸಾಕಾಗುವಷ್ಟು ಕಲಿತು ಕ್ಲಾಸು ಬಿಟ್ಟೆ. ಇಂಗ್ಲಿಷಿನಲ್ಲೇ ಎಲ್ಲ ನಡೆಯುವಾಗ ಯಾರಿಗೆ ಬೇಕು ಆ ಕಷ್ಟ? ಅವಳು ಬೆಳೆದ ಹಾಗೆ ಮಾತು ಉದ್ದವಾದವು, ಚಿಕ್ಕ ಮಾತು ಬಲ್ಲ ನಾನು ಹಿಂದೆ ಉಳಿದೆ. ಒಂದು ದಿನ ಟ್ರ್ಯಾಮಿನಲ್ಲಿ “ಹಸಿವಾಯ್ತೇನೇ, ಚಕ್ಕುಲಿ ತಂದಿದೀನಿ” ಅಂದೆ. ಹಿಂದಿನ ಸೀಟಿನಲ್ಲಿ ಅವಳ ಕ್ಲಾಸಿನ ಹುಡುಗಿಯರಿದ್ದರು. ಇವಳು ಕಿಟಕಿ ಕಡೆ ತಿರುಗಿ ಮೆಲ್ಲಗೆ “ಇಂತೆ ಹ್ಯಾರ್” ಅಂದಳು. ಇಲ್ಲಿ ಬೇಡ. ಬೇಡವಾದದ್ದು ಚಕ್ಕುಲಿಯೋ ಕನ್ನಡವೋ ಅಂತ ನಾನು ಕೇಳಲಿಲ್ಲ.

ನನಗೆ ಕನ್ನಡದ ಅಭಿಮಾನ ಅಂತೇನೂ ದೊಡ್ಡದಿಲ್ಲ. ಭಯ ಇತ್ತು. ನಾಳೆ ಇವಳು ದೊಡ್ಡವಳಾಗುತ್ತಾಳೆ, ಮನಸ್ಸಿಗೆ ನೋವಾಗುತ್ತದೆ, ಬಂದು ನನ್ನ ಮುಂದೆ ಹೇಳಿಕೊಂಡು ಅಳುತ್ತಾಳೆ, ನನಗೆ ಅರ್ಥವಾಗುವುದಿಲ್ಲ. ಆಗ ಅವಳು ಹೇಳುವುದನ್ನೇ ಬಿಡುತ್ತಾಳೆ. ದೇವರ ಮುಂದೆ ಕೂತರೆ ಇದೊಂದೇ ಕಣ್ಣ ಮುಂದೆ ಬರುತ್ತಿತ್ತು.

ಹಾಗೆ ಕೂತಿದ್ದಾಗಲೇ ನಮ್ಮ ಹಿಂದಿ ಮೇಡಂ ನೆನಪಾದರು.

ತುಮಕೂರಿನಲ್ಲಿ ಹೈಸ್ಕೂಲ್ ಓದುವಾಗ ನಾವೊಂದಿಷ್ಟು ಹುಡುಗಿಯರು ಅವರ ಮನೆ ಪಡಸಾಲೆಯಲ್ಲಿ ಹಿಂದಿ ಪಾಠಕ್ಕೆ ಕೂರುತ್ತಿದ್ದೆವು. ಪುಲ್ಲಿಂಗ ಸ್ತ್ರೀಲಿಂಗ ಹೇಳಿ ಹೇಳಿ ನಮಗೆ ಆಕಳಿಕೆ ಬಂದ ಹೊತ್ತಿಗೆ ಅವರು ಒಂದು ದಪ್ಪ ಪುಸ್ತಕ ತೆಗೆಯುತ್ತಿದ್ದರು. ನೂರು ವರ್ಷಕ್ಕಿಂತ ಹಳೆಯ ಕಾದಂಬರಿ, ಹಿಂದಿಯಲ್ಲಿ ಬಂದ ಮೊದಮೊದಲ ಕಾದಂಬರಿಗಳಲ್ಲಿ ಒಂದು. ಒಂದಕ್ಕೊಂದು ಆಗದ ಎರಡು ರಾಜ್ಯ, ಅಲ್ಲೊಬ್ಬ ರಾಜಕುಮಾರ, ಇಲ್ಲೊಬ್ಬಳು ರಾಜಕುಮಾರಿ, ಇಬ್ಬರಿಗೂ ಪ್ರೀತಿ. ಇಬ್ಬರ ಕಡೆಗೂ ಐಯಾರರು ಅಂತ ಗೂಢಚಾರರು. ಹೆಗಲಿಗೆ ಚೀಲ, ಚೀಲದಲ್ಲಿ ಮೂಸಿದರೆ ಮೂರ್ಛೆ ಹೋಗುವ ಪುಡಿ, ಮತ್ತೊಂದು ಮೂಸಿದರೆ ಎಚ್ಚರ. ಗಂಡಸು ಹೆಂಗಸಾಗುತ್ತಾನೆ, ದಾಸಿ ರಾಣಿಯಾಗುತ್ತಾಳೆ, ಯಾರ ಮುಖವನ್ನೂ ನಂಬುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡದು ತಿಲಿಸ್ಮ್, ಒಳಗೆ ಹೋದವರು ಹೊರಗೆ ಬರಲಾಗದ ಮಾಯದ ಕೋಟೆ. ಕಲ್ಲಿನ ಕೊಕ್ಕರೆ ಬಾಯಿ ತೆರೆಯುತ್ತದೆ, ಗೋಡೆ ಸರಿಯುತ್ತದೆ.

ಮೇಡಂ ಹಿಂದಿಯಲ್ಲೇ ಓದುತ್ತಿದ್ದರು. ನಮಗೆ ಅರ್ಧ ಅರ್ಥವಾಗುತ್ತಿತ್ತು. ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಪುಸ್ತಕ ಮುಚ್ಚುತ್ತಿದ್ದರು.

“ಮೇಡಂ, ಮೇಡಂ, ಮುಂದಿಂದು ಕನ್ನಡದಲ್ಲಿ ಹೇಳ್ಬಿಡಿ ಮೇಡಂ!”

“ಕನ್ನಡದಲ್ಲಿ ಹೇಳಿದ್ರೆ ಹಿಂದಿ ಯಾವಾಗ ಕಲೀತೀರಿ? ಮುಂದಿಂದು ಬೇಕಾ? ಕಲ್ತ್ಕೊಳ್ರೇ!”

ಉತ್ತರದ ಕಡೆ ಆಗಿನ ಕಾಲದಲ್ಲಿ ಹಿಂದಿ ಅಕ್ಷರ ಬಾರದ ಎಷ್ಟೋ ಜನ ಈ ಪುಸ್ತಕ ಓದಬೇಕು ಅಂತಲೇ ಹಿಂದಿ ಕಲಿತರಂತೆ. ಮೇಡಂ ಹೇಳಿದ್ದು. ನಾವು ಕಲಿತದ್ದೂ ಹಾಗೆಯೇ. ಆ ಪುಸ್ತಕದ ಮುಂದಿನ ಪೀಳಿಗೆಯ ಕಥೆ ಭಾಗದ ಮೇಲೆ ಭಾಗ ಇದೆ, ಒಂದೊಂದೇ ಎರವಲು ತಂದು ಓದುತ್ತಾ ಹೋದೆ. ನಡುವೆ ಎಲ್ಲೋ ಇರುವಾಗ ಮದುವೆಯಾಯಿತು. ಉಳಿದ ಭಾಗಗಳು ಮೇಡಂ ಮನೆಯ ಕಪಾಟಿನಲ್ಲೇ ಉಳಿದವು.

ಆಮೇಲೆ ಕನ್ನಡದಲ್ಲಿ ಏನು ಓದಿದರೂ ಆ ಪುಸ್ತಕ ಇಣುಕುತ್ತಿತ್ತು. ವಾರಪತ್ರಿಕೆಯ ಧಾರಾವಾಹಿ ಬಾಗಿಲು ಅರ್ಧ ತೆರೆದ ಕಡೆಯೇ ನಿಲ್ಲುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ಮುದುಕ ಗಡ್ಡ ಕಿತ್ತರೆ ಒಳಗಿಂದ ಇನ್‌ಸ್ಪೆಕ್ಟರ್. ಟಿವಿಯಲ್ಲಿ ಸತ್ತ ಸೊಸೆ ಬೇರೆ ಮುಖ ಹೊತ್ತು ವಾಪಸು ಬರುತ್ತಾಳೆ. ಇವೆಲ್ಲ ಅದರ ಸಂತಾನವೋ ಅಲ್ಲವೋ ಬಲ್ಲವರು ಹೇಳಲಿ, ಮೂಗು ಕಣ್ಣು ಮಾತ್ರ ಅದರದೇ ಅಂತ ನನಗನ್ನಿಸುತ್ತದೆ. ನನಗೆ ಆ ಪುಸ್ತಕದಲ್ಲಿ ಹಿಡಿಸಿದ್ದು ಇನ್ನೊಂದು. ತಿಲಿಸ್ಮಿನಲ್ಲಿ ಭೂತ ಪಿಶಾಚಿ ಇಲ್ಲ. ಸನ್ನೆಕೋಲು, ಚಕ್ರ, ಕೀಲಿ, ಎಲ್ಲ ಮನುಷ್ಯರೇ ಕೂರಿಸಿದ್ದು. ಬೀಗ ಹಾಕಿದವನು ಮನುಷ್ಯನಾದರೆ ತೆಗೆಯುವ ಉಪಾಯವೂ ಇದ್ದೇ ಇರಬೇಕು. ಈ ದೇಶಕ್ಕೆ ಬಂದಾಗ ಅದು ಎಷ್ಟು ಧೈರ್ಯ ಕೊಟ್ಟಿತೋ! ಇಲ್ಲಿ ಕಟ್ಟಡದ ಬಾಗಿಲಿಗೆ ಸಂಖ್ಯೆ ಒತ್ತಬೇಕು. ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿ. ಒಬ್ಬಳೇ ಇಳಿದು ಹೋಗಬೇಕು, ಅಲ್ಲಾಡದೆ ನಿಂತರೆ ದೀಪ ತಾನೇ ಆರುತ್ತದೆ, ಕೈ ಬೀಸಿದರೆ ಹತ್ತುತ್ತದೆ. ಕತ್ತಲಾದಾಗ ನಾನು ವೆಂಕಟರಮಣಾ ಅಂತ ಎರಡೂ ಕೈ ಎತ್ತುತ್ತೇನೆ. ಅಷ್ಟಕ್ಕೇ ದೀಪ ಬರುತ್ತದೆ.

ಮೇಡಂ ಮಾಡಿದ್ದನ್ನೇ ನಾನೂ ಮಾಡೋಣ ಅಂದುಕೊಂಡೆ. ಕಥೆಯ ಗಾಳ ಹಾಕಿ ಮಗಳನ್ನು ಕನ್ನಡಕ್ಕೆ ಎಳೆಯುವುದು.

ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತೇನೆ. ಅವಳು ನೆಲದ ಮೇಲೆ ಕಿಟಕಿಗೆ ಮುಖ ಮಾಡಿ ಕೂರುತ್ತಾಳೆ, ನಾನು ಸೋಫಾದ ಮೇಲೆ. ಆಗ ಶುರು ಮಾಡಿದೆ. ಕರಾರೂ ಹೇಳಿದೆ, ಹೂಂ ಅನ್ನಬೇಕು, ಇಲ್ಲದಿದ್ದರೆ ಕಥೆ ಇಲ್ಲ. ಮೇಡಂ ಕಥೆಯನ್ನೂ, ಅವರ ‘ಕಲ್ತ್ಕೊಳ್ರೇ’ಯನ್ನೂ ನಟಿಸಿ ತೋರಿಸಿದಾಗ ನಕ್ಕಳು. ಆಮೇಲೆ ಸುಮ್ಮನಾದಳು. ಐಯಾರ ವೇಷ ಹಾಕಿದ, ಹೂಂ ಇಲ್ಲ. ರಾಜಕುಮಾರಿಗೆ ಮೂರ್ಛೆ ಬಂತು, ಹೂಂ ಇಲ್ಲ. ಅವಳ ಮುಖವೂ ನನಗೆ ಕಾಣುತ್ತಿರಲಿಲ್ಲ. ನಡುನಡುವೆ ಮಾತ್ರ ಸಿಕ್ಕು ಎಳೆದಾಗ ಉಸಿರು ಸೆಳೆದುಕೊಳ್ಳುತ್ತಿದ್ದಳು.

“ನೋವಾಯ್ತಾ ಪುಟ್ಟಿ?” ಅಂತ ಬಾಚಣಿಗೆ ಸಡಿಲ ಮಾಡುತ್ತಿದ್ದೆ. ಇಲ್ಲ ಅಂತ ತಲೆ ಅಲ್ಲಾಡಿಸುತ್ತಿದ್ದಳು.

ಹಾಗೆ ಎಷ್ಟೋ ಭಾನುವಾರ ಕಳೆದವು. ಪ್ರತಿ ಸಲ ನಾನೇ ಸೋತು ನಡುವಿನಲ್ಲಿ ನಿಲ್ಲಿಸುತ್ತಿದ್ದೆ. ಅವಳು ಎದ್ದು ಹೋಗುತ್ತಿದ್ದಳು.

“ಬಿಡೇ, ಅವಳಿಗೆ ಇಂಟರೆಸ್ಟ್ ಇಲ್ಲ. ಫೋರ್ಸ್ ಮಾಡ್ಬೇಡ,” ಅಂದರು ನಮ್ಮವರು.

“ನಿಮಗಾದ್ರೂ ಹೇಳ್ಲಾ ರೀ?”

“ಕನ್‌ಕ್ಲೂಷನ್ ಹೇಳ್ಬಿಡು ಸಾಕು. ಮದುವೆ ಆಗತ್ತಾ ಇಲ್ವಾ?”

ಇಂಥವರಿಗೆ ಯಾವ ಪುಡಿ ಮೂಸಿಸಬೇಕು?

ಒಂದು ಭಾನುವಾರ ಹೊರಗೆ ಹಿಮವೂ ಅಲ್ಲದ ಮಳೆಯೂ ಅಲ್ಲದ ಏನೋ ಬೀಳುತ್ತಿತ್ತು. ರಾಜಕುಮಾರ ತಿಲಿಸ್ಮಿನ ಬಾಗಿಲ ಹತ್ತಿರ ಬಂದಿದ್ದ. ನಾನು ಬಾಚಣಿಗೆ ಕೆಳಗಿಟ್ಟೆ. “ಸಾಕಮ್ಮ. ನೀನು ಹೂಂ ಅನ್ನಲ್ಲ. ನಾನು ಗೋಡೆಗೆ ಹೇಳಲ್ಲ,” ಅಂದೆ.

ಅರ್ಧ ಹೆಣೆದ ಜಡೆಯಲ್ಲೇ ತಿರುಗಿದಳು. ಕಣ್ಣಲ್ಲಿ ನೀರು. “ಮೆನ್ ಯಾಗ್ ಸೇಯರ್ ಯು ಯಾ!”

ಹೌದು ಅಂತಾನೇ ಇದೀನಲ್ಲ! ಅಷ್ಟು ಅರ್ಥವಾಯಿತು.

“ಯಾವಾಗ ಅಂದೆ? ಸುಳ್ಳಿ!”

ಅವಳು ತುಟಿ ದುಂಡಗೆ ಮಾಡಿ, ಚುಪ್ಪನೆ ಗಾಳಿಯನ್ನು ಒಳಗೆ ಸೆಳೆದುಕೊಂಡಳು. ಮತ್ತೊಮ್ಮೆ. ಇನ್ನೊಮ್ಮೆ.

ಆ ಸದ್ದನ್ನು ನಾನು ಮೊದಲೇ ಕೇಳಿದ್ದೆ. ಅವಳು ಇನ್ನೂ ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗುತ್ತಿದ್ದಾಗ ಅಲ್ಲಿನ ಟೀಚರನ್ನು ಒಮ್ಮೆ “ಊಟ ಮಾಡಿದಳಾ?” ಅಂತ ಕೇಳಿದ್ದೆ. ಆಕೆ ಬೆಚ್ಚಿಬಿದ್ದವಳ ಹಾಗೆ ಉಸಿರು ಸೆಳೆದುಕೊಂಡಿದ್ದಳು. ಮಗುವಿಗೆ ಏನೋ ಆಗಿದೆ ಅಂತ ನಾನು ಬೂಟು ಸಮೇತ ಒಳಗೆ ಓಡಿದ್ದೆ. ಮಗು ಆರಾಮಾಗಿ ಕೂತು ಬಣ್ಣ ಬಳಿಯುತ್ತಿತ್ತು. “ಅಯ್ಯೋ, ಅದು ‘ಹೌದು’ ಕಣೇ! ಇಲ್ಲಿ ಕೆಲವರು ಹೌದು ಅನ್ನೋದೇ ಹಾಗೆ, ಉಸಿರು ಒಳಗೆಳ್ಕೊಂಡು,” ಅಂತ ನಮ್ಮವರು ರಾತ್ರಿ ಊಟದವರೆಗೂ ನಕ್ಕಿದ್ದರು. ಊರವರ ಬಾಯಲ್ಲಿ ಅದನ್ನು ಗುರುತಿಸಲು ಕಲಿತಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಲ್ಲಿ ಅದನ್ನು ಸಿಕ್ಕಿನ ನೋವು ಅಂದುಕೊಂಡಿದ್ದೆ.

ಅಷ್ಟು ಭಾನುವಾರವೂ ಅವಳು ಹೂಂ ಅಂದಿದ್ದಳು. ನಾವು ಹೊರಗೆ ಬಿಡುವುದನ್ನು ಅವಳು ಒಳಗೆ ಎಳೆದುಕೊಂಡಿದ್ದಳು, ಅಷ್ಟೇ. ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಎಣ್ಣೆಯೆಲ್ಲ ಸ್ವೆಟರಿಗೆ ಹತ್ತಿತು. “ಬಾಗಿಲು?” ಅಂದಳು. ಕನ್ನಡದಲ್ಲೇ. ತಿಲಿಸ್ಮಿನ ಬಾಗಿಲು ತೆರೆದೆ.

ಇಲ್ಲಿಗೆ ಮುಗಿದಿದ್ದರೆ ನನ್ನ ಗಾಳ ಕಚ್ಚಿತು ಅಂತ ಬರೆಯಬಹುದಿತ್ತು. ಆದರೆ ಕಥೆ ಮುಂದೆ ಹೋದ ಹಾಗೆ ನನ್ನ ನೆನಪು ಸವೆಯುತ್ತಾ ಬಂತು. ಪೀಳಿಗೆ ಬದಲಾಯಿತು, ಐಯಾರರು ಹೆಚ್ಚಿದರು, ಯಾರು ಯಾರ ವೇಷದಲ್ಲಿದ್ದಾರೆ ಅಂತ ನನಗೇ ಕಲಸಿಹೋಯಿತು. ಕೊನೆಗೆ ನಾನು ಓದು ಬಿಟ್ಟ ಜಾಗ ಬಂತು. “ಮುಂದಿಂದು ಗೊತ್ತಿಲ್ಲ ಪುಟ್ಟಿ. ನಾನು ಓದಿರೋದೇ ಇಷ್ಟು,” ಅಂದೆ.

“ಯಾಗ್ ವೆಟ್,” ಅಂದಳು. ನನಗೆ ಗೊತ್ತು ಅಂತ.

ಶುರು ಮಾಡಿಯೇಬಿಟ್ಟಳು, ಸ್ವೀಡಿಷಿನಲ್ಲಿ. ಎಂಥ ವೇಗ! ಕೈ ಆಡಿಸುತ್ತಾಳೆ, ದನಿ ಇಳಿಸುತ್ತಾಳೆ, ಏರಿಸುತ್ತಾಳೆ. ಇವಳಿಗೆ ಇಷ್ಟು ಮಾತು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ‘ಪ್ರಿನ್ಸೆಸ್ಸ’ ಗೊತ್ತಾಯಿತು. ‘ನಿಕ್ಕೆಲ್’ ಅಂದರೆ ಕೀಲಿ, ಅದೂ ಗೊತ್ತಾಯಿತು. ‘ಶೆಲ್ಲರೆ’ ಅಂದಾಗ ನಗು ಬಂತು, ಅದು ನಮ್ಮ ಕಟ್ಟಡದ ನೆಲಮಾಳಿಗೆ. ಇವಳ ತಿಲಿಸ್ಮ್ ಇರುವುದು ಅಲ್ಲಿ, ಒಗೆಯುವ ಕೋಣೆಯ ಪಕ್ಕ, ಎಲ್ಲರೂ ಹಳೆ ಸೈಕಲ್ಲು, ಹಿಮದ ಮೇಲೆ ಜಾರುವ ಸ್ಲೆಡ್ಜು ತುಂಬಿಟ್ಟ ಜಾಲರಿ ಗೂಡುಗಳಲ್ಲಿ! ಆಮೇಲೆ ಉದ್ದುದ್ದ ಮಾತು ಬಂದವು. ಕೈಬಿಟ್ಟು ಹೋದವು. ನಾನು ನಗಬೇಕಾದ ಕಡೆ ಅವಳ ಮುಖ ನೋಡಿ ನಕ್ಕೆ.

ನಿಲ್ಲಿಸಿದಳು. “ಅಮ್ಮಾ, ಹೂಂ ಅನ್ನು!”

“ಹೂಂ.”

ಮತ್ತೆ ಹೇಳಿದಳು. ರಾಜಕುಮಾರಿ ಒಂದು ಗೂಡಿನ ಬಾಗಿಲಿಗೆ ಕೀಲಿ ಹಾಕಿದಳು. ಒಳಗೆ ಯಾರೋ ಇದ್ದರು. ಯಾರು ಅಂತ ಒಂದು ಪದ ಹೇಳಿದಳು, ನಾನು ಎಂದೂ ಕೇಳದ ಪದ. ಅಲ್ಲಿಗೇ ಎದ್ದು ನಿಂತು ಜಡೆ ಹಿಂದಕ್ಕೆ ಎಸೆದಳು.

“ಏಯ್, ಯಾರಿದ್ರೇ ಒಳಗೆ? ಕನ್ನಡದಲ್ಲಿ ಹೇಳೇ!”

ಸೊಂಟದ ಮೇಲೆ ಕೈಯಿಟ್ಟು, ತುಮಕೂರಿನ ಮೇಡಮ್ಮನ್ನು ಅವಳು ಎಂದೂ ಕಂಡವಳಲ್ಲ, ಅವರ ಹಾಗೆಯೇ ಕತ್ತು ಕೊಂಕಿಸಿ ಅಂದಳು: “ಮುಂದಿಂದು ಬೇಕಾ? ಕಲ್ತ್ಕೊಳ್ರೇ!”

ಅವಳ ಅಪ್ಪ ಒಳಕೋಣೆಯಿಂದ ಜೋರಾಗಿ ನಕ್ಕರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ. ಎಳೆಯಲು ಕೂತವಳು ನಾನು. ಗಾಳದ ಈ ತುದಿಯಲ್ಲಿ ಕೊಕ್ಕೆ ನನಗೇ ಸಿಕ್ಕಿಕೊಂಡಿತ್ತು.

ಮಾರನೆಯ ದಿನ ಸೋಮವಾರ. ಇಬ್ಬರೂ ಹೊರಟು ಹೋದರು. ದೀಪ ಹಚ್ಚಿ ನಮಸ್ಕಾರ ಮಾಡಿ, ಒಗೆಯುವ ಬಟ್ಟೆ ಹೊತ್ತು ಕೆಳಗಿಳಿದೆ. ನೆಲಮಾಳಿಗೆಯಲ್ಲಿ ಎಂದಿನಂತೆ ಒಂದು ನರಪಿಳ್ಳೆ ಇಲ್ಲ. ಮೆಷಿನ್ ಹಾಕಿ ಹಿಂತಿರುಗುವಾಗ ಜಾಲರಿ ಗೂಡುಗಳ ಮುಂದೆ ನಿಂತೆ. ನಮ್ಮ ಗೂಡಿನಲ್ಲಿ ಖಾಲಿ ಸೂಟ್‌ಕೇಸುಗಳು, ಅವಳಿಗೆ ಚಿಕ್ಕದಾದ ಸ್ಲೆಡ್ಜು. ಅವಳು ಹೇಳಿದ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದೆ. ರಾತ್ರಿಯೆಲ್ಲ ಮರೆಯದಂತೆ ಹಿಡಿದಿಟ್ಟುಕೊಂಡಿದ್ದೆ, ಅರ್ಥ ಯಾರನ್ನೂ ಕೇಳಿರಲಿಲ್ಲ. ಫೋನಿನಲ್ಲಿ ನೋಡಿದರೆ ಒಂದು ಕ್ಷಣದ ಕೆಲಸ. ಆದರೆ ಅದು ಕಳ್ಳದಾರಿ ಅನ್ನಿಸಿತು. ಮುಂದಿನ ಭಾನುವಾರ ಅವಳ ಬಾಯಿಂದಲೇ ಬಿಡಿಸಿಕೊಳ್ಳಬೇಕು. ಆಮೇಲಿನ ಉದ್ದುದ್ದ ಮಾತುಗಳಿಗೆ, ಬಿಟ್ಟ ಕ್ಲಾಸಿಗೆ ಮತ್ತೆ ಹೋಗಿ ಕೂರಬೇಕು.

ಅಲ್ಲಾಡದೆ ನಿಂತಿದ್ದಕ್ಕೆ ದೀಪ ಆರಿತು. ಆ ಸಲ ನಾನು ಕೈ ಎತ್ತಲಿಲ್ಲ. ಕತ್ತಲಲ್ಲಿ ಮೆಷಿನ್ನು ಒಂದೇ ಸಮನೆ ಏನೋ ಹೇಳುತ್ತಿತ್ತು. ತುಟಿ ದುಂಡಗೆ ಮಾಡಿ, ಅವಳು ತೋರಿಸಿಕೊಟ್ಟ ಹಾಗೆ, ಚುಪ್ಪನೆ ಉಸಿರು ಒಳಗೆಳೆದೆ. ಸರಿಯಾಗಿ ಬರಲಿಲ್ಲ. ಇನ್ನೊಮ್ಮೆ ಎಳೆದೆ.