ಕುರ್ಚಿಯ ಎಡಗೈ ಕೆತ್ತಿದ ಅಕ್ಕ

ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವ ಹೊತ್ತಿಗೆ ಅಕ್ಕ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ನೆತ್ತಿಯ ಮೇಲಿನ ದೀಪದಲ್ಲಿ ಮರದ ಉಬ್ಬುತಗ್ಗು ಕಾಣುವುದಿಲ್ಲ. ಈ ಓರೆ ಬೆಳಕಿನಲ್ಲಿ ಕದ್ದು ಕೂತ ಗೀರೂ ಸಿಕ್ಕಿಬೀಳುತ್ತದೆ. ಕುರ್ಚಿ ರಿಪೇರಿ ಅಂಗಡಿಯ ಇವರು ಬೀದಿಯವರಿಗೆಲ್ಲ ‘ಕುರ್ಚಿ ಅಕ್ಕ’.

ಮುಂದಿರುವುದು ಡೆನ್ಮಾರ್ಕಿನಲ್ಲಿ ಅಜ್ಜಂದಿರ ಕಾಲದಲ್ಲಿ ಮಾಡಿದ ತೇಗದ ಕುರ್ಚಿ. ಹುಡುಕಿದರೂ ಅದರಲ್ಲೊಂದು ನೇರ ಗೆರೆ ಸಿಗದು. ಬೆನ್ನಿನಿಂದ ಇಳಿದ ಮರವೇ ಎರಡು ಕಡೆ ಕೈಯಾಗಿ, ಹಾರಲು ಹೊರಟ ಹಕ್ಕಿಯ ರೆಕ್ಕೆಯಂತೆ ಹರಡಿ, ತುದಿಯಲ್ಲಿ ಅಂಗೈಗೆ ಬೇಕಾದಷ್ಟೇ ತಗ್ಗುತ್ತದೆ. ಇಂಥ ಕುರ್ಚಿ ಕೊಂಡವರಿಗೆ ವಿನ್ಯಾಸ ಮಾಡಿದವನ ಹೆಸರು ಬಾಯಿಪಾಠ. ಮುರಿದಾಗ ಸರಿಮಾಡಿದವರು ಯಾರೆಂದು ಒಬ್ಬರೂ ಕೇಳುವುದಿಲ್ಲ.

ಮದುವೆಯಾದಂದಿನಿಂದ ಅಕ್ಕನ ಪಾಲಿಗೆ ಬಂದದ್ದು ಉಜ್ಜುಕಾಗದ ಮಾತ್ರ. ಉಳಿ ಮೇಸ್ತ್ರಿಯಾದ ಗಂಡನದು. ಈಗ ಮೇಸ್ತ್ರಿಯ ಕೈ ನಡುಗುತ್ತದೆ. ಚಿಕಿತ್ಸೆಗೆಂದು ಅವರು ಮಗಳ ಮನೆಯಲ್ಲಿದ್ದಾಗ ಈ ಕುರ್ಚಿ ಒಂದು ಕೈ ಒಡೆದುಕೊಂಡು ಬಂತು. ಅಕ್ಕ ಒಡೆದ ತುಂಡುಗಳನ್ನು ಜೋಡಿಸಿ, ಸವರಿ ಸವರಿ ನೋಡಿ, ಅದೇ ಆಕಾರಕ್ಕೆ ಹೊಸ ಎಡಗೈ ಕೆತ್ತಿದರು. ಗಂಡನ ಕೆಲಸ ನೋಡಿ ನೋಡಿ ಕಲಿತು ಕೆತ್ತಿದ ಮೊದಲ ಕೈ.

ನಿನ್ನೆ ಮರಳಿದ ಮೇಸ್ತ್ರಿ ಇನ್ನೂ ಗೊಣಗುತ್ತಿದ್ದಾರೆ. “ಉಳಿ ಮುಟ್ಟಬೇಡ ಅಂದಿದ್ದೆ.”

“ಮುಟ್ಟದಿದ್ರೆ ಅಂಗಡಿ ಮುಚ್ಚಬೇಕಿತ್ತು. ಆಮೇಲೆ ಯಾರ ಮೇಲೆ ರೇಗ್ತಿದ್ರಿ?”

ಇಲ್ಲಿ ಪ್ರತಿ ಕುರ್ಚಿಗೂ ಒಂದು ಪರೀಕ್ಷೆಯಿದೆ. ಕಣ್ಣು ಮುಚ್ಚಿ ಕೂತು ಸವರಿದಾಗ ಹೊಸ ಮರ ಯಾವುದೆಂದು ಅಂಗೈಗೆ ತಿಳಿಯಬಾರದು. ತಿಳಿದರೆ ಅಕ್ಕ ಮತ್ತೆ ಉಜ್ಜುಕಾಗದಕ್ಕೆ, ಉಳಿ ಪೆಟ್ಟಿಗೆಗೆ. ಮರದ ಬಣ್ಣ ಗುಟ್ಟು ಬಿಟ್ಟುಕೊಟ್ಟೀತೆಂದು ಅಕ್ಕ ಗಂಡನ ಕಣ್ಣಿಗೆ ಟವೆಲು ಕಟ್ಟಿ ಕೂರಿಸುತ್ತಾರೆ. ಯಾವ ಕೈ ಒಡೆದಿತ್ತೆಂದು ಹೇಳಿಲ್ಲ.

“ಇಷ್ಟು ಬಿಗಿನಾ? ಕಣ್ಣು ಕೀಳ್ತೀಯೇನೇ?”

“ಕದ್ದು ನೋಡೋ ಚಾಳಿ ನಂಗೊತ್ತಿಲ್ವಾ?”

ಮೇಸ್ತ್ರಿ ಕುರ್ಚಿಯ ಎರಡೂ ಕೈ ಸವರುತ್ತಾರೆ. ಮತ್ತೊಮ್ಮೆ ಸವರಿ ಅದರ ಬಲಗೈಗೆ ತಟ್ಟುತ್ತಾರೆ. “ಇದು ನಿಂದು. ಹೆಬ್ಬೆರಳ ಹತ್ರ ಚೂರು ದಪ್ಪ ಬಿಟ್ಟಿದ್ದೀಯ. ಬರೀ ಆತುರ. ಆ ಕಡೇದು ನೋಡು, ಅದು ಕೆಲಸ ಅಂದ್ರೆ.”

ಅಕ್ಕ ಟವೆಲು ಬಿಚ್ಚುತ್ತಾರೆ. ಎಡಗೈಯ ಮರ ಹೊಸ ಬಣ್ಣದ್ದು. ಮೇಸ್ತ್ರಿ ಅದನ್ನೇ ನೋಡುತ್ತಾರೆ.

“ಹಾಗಾದ್ರೆ ನಾನು ಬೈದದ್ದು ಡೆನ್ಮಾರ್ಕಿನವನಿಗಾ?”

“ಹೂಂ. ಚೆನ್ನಾಗೇ ಬೈದ್ರಿ.”

“ಬಿಡು, ಅವನಿಗೆಲ್ಲಿ ಕೇಳ್ಸುತ್ತೆ.”

ಮೂಲೆಯಲ್ಲಿ ಬೆನ್ನು ಸೀಳಿದ ಇನ್ನೊಂದು ಕುರ್ಚಿಯಿದೆ. ಮೇಸ್ತ್ರಿ ಎದ್ದು, ಅತ್ತ ಗದ್ದ ತೋರಿಸುತ್ತಾರೆ. “ಅದನ್ನೂ ನೀನೇ ನೋಡ್ಕೋ. ಕಾಗದ ಇಲ್ಲಿ ಕೊಡು, ಉಜ್ಜೋದು ನಾನು ಉಜ್ತೀನಿ.”