ಎಂಜಿನ್ ಕುಡಿದದ್ದು, ಮಾವ ಹೊತ್ತದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಂಡವು ಎಂಬ ದ್ವೀಪದ ನೈವಾಕುಲಾ ಊರಿನ ತೀರದಲ್ಲಿ ದೋಣಿ ನಡೆಸುವ ಹೆಣ್ಣುಮಗಳು ಸಲಾನಿಯೇತಾ, ಊರವರ ಬಾಯಲ್ಲಿ ಸಲಾ, ಮೊಣಕಾಲು ಮುಳುಗುವ ನೀರಿನಲ್ಲಿ ನಿಂತಿದ್ದಾರೆ. ಶಾಲೆಯ ದೋಣಿಯ ಹಿಂಬದಿಗೆ ಕಟ್ಟಿದ ಎಂಜಿನ್ನಿನಿಂದ ಪ್ಲಗ್ ಬಿಚ್ಚಿ, ಟಾರ್ಚಿನ ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಮೂಸುತ್ತಾರೆ.

"ಮರಗೆಣಸಿನ ಸಿಪ್ಪೆ ಹಾಗೆ ಕಂದು ಬಣ್ಣ ಇದ್ರೆ ಪೆಟ್ರೋಲ್ ಎಂಜಿನ್ ಹೊಟ್ಟೆಗೆ ಹೋಗಿದೆ ಅಂತ. ಮಸಿ ಹಾಗೆ ಕಪ್ಪಗಿದ್ರೆ ಉಂಡಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು ಅಂತ," ಎನ್ನುತ್ತಾ ಪ್ಲಗ್ಗನ್ನು ನನ್ನ ಮೂಗಿಗೂ ಒಡ್ಡುತ್ತಾರೆ. "ನೋಡಿ ಅಣ್ಣ, ನಂಬಿಕೆ ಇಲ್ಲದೋರಿಗೇ ಇದು."

ನಿಜ, ಇವರ ಬಗ್ಗೆ ಬರೆಯಲು ನಾನು ಇಲ್ಲಿಗೆ ಬಂದದ್ದೇ ಅನುಮಾನದ ಜೊತೆಗೆ. ಪೆಟ್ರೋಲ್ ಉಳಿಸುವ ಮಾಯೆಗಳನ್ನು ಸುವಾ ಪೇಟೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಪ್ರಾರ್ಥನೆ ಮಾಡಿ ಕೊಡುವ ಎಣ್ಣೆ. ತಿಂಗಳ ಮೂರನೇ ವಾರಕ್ಕೇ ಶಾಲೆಯ ದೋಣಿಯ ಪಾಲಿನ ಪೆಟ್ರೋಲ್ ಮುಗಿದು ಮಕ್ಕಳು ಮನೆಯಲ್ಲಿ ಕೂರುತ್ತಿದ್ದ ಊರಲ್ಲಿ ಈಗ ತಿಂಗಳಿಡೀ ದೋಣಿ ಓಡುತ್ತದೆ ಎಂದರೆ, ಎಲ್ಲೋ ಏನೋ ಆಟ ನಡೆದಿದೆ ಅನ್ನಿಸಿತ್ತು. ಬಂದ ಮೇಲೆ ಗೊತ್ತಾಯಿತು, ಊರಿಗೂ ಹಾಗೇ ಅನ್ನಿಸಿತ್ತು.

ಸಲಾ ಎಂಜಿನ್ ಕಲಿತದ್ದು ಸುವಾದ ದೋಣಿ ಕಾರ್ಖಾನೆಯೊಂದರಲ್ಲಿ. ಸೇರಿದ್ದು ನೆಲ ಗುಡಿಸಲು. ಆಮೇಲೆ ಬಿಡಿಭಾಗ ತೊಳೆಯುವ ಕೆಲಸ, ಕೊನೆಗೆ ಜೋಡಿಸುವ ಕೆಲಸ. ಕಾರ್ಖಾನೆ ಮುಚ್ಚಿದಾಗ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತಾಯಿಯ ಊರಿಗೆ ಬಂದರು. ಅಷ್ಟು ಹೊತ್ತಿಗೆ ಶಾಲೆಯ ದೋಣಿ ನಡೆಸುತ್ತಿದ್ದ ಸೋದರಮಾವ ಇಲಿಯೇಸಾಗೆ ಕಣ್ಣು ಮಂಜಾಗಿತ್ತು. ಚುಕ್ಕಾಣಿ ಇವರ ಕೈಗೆ ಬಂತು.

ಮಾಡಿದ್ದರಲ್ಲಿ ಮಾಯೆ ಒಂದೂ ಇಲ್ಲ. ದೋಣಿಯ ತಳಕ್ಕೆ ಅಂಟಿದ್ದ ಚಿಪ್ಪುಗಳನ್ನು ಹೆರೆದರು. ಬಂಡೆಗೆ ಬಡಿದು ರೆಕ್ಕೆ ಸೊಟ್ಟಗಾಗಿದ್ದ ಪ್ರೊಪೆಲರ್ ತೆಗೆದು, ಸುವಾದಿಂದ ತಂದ ಬೇರೆಯದನ್ನು ಹಾಕಿದರು. ಪ್ಲಗ್ಗನ್ನೂ ಕಾರ್ಬುರೇಟರಿನ ಸವೆದ ಒಳಭಾಗವನ್ನೂ ಬದಲಿಸಿದರು. ದೊಡ್ಡ ಮಕ್ಕಳನ್ನು ಮುಂದೆ ಕೂರಿಸಿದರು.

"ಮೂಗು ಮೇಲೆತ್ತಿಕೊಂಡು ಹೋಗೋ ದೋಣಿ ಜಂಬದ ಗಂಡಸಿದ್ದ ಹಾಗೆ. ಸದ್ದು ಜಾಸ್ತಿ, ಸಾಗೋ ದಾರಿ ಕಮ್ಮಿ," ಎಂದು ನಗುತ್ತಾರೆ.

ತಿಂಗಳ ಕೊನೆಗೆ ಡ್ರಮ್ಮಿನಲ್ಲಿ ಪೆಟ್ರೋಲ್ ಉಳಿಯಿತು. ತಾಯಂದಿರು ಖುಷಿಪಟ್ಟರು. ಸಂಜೆ ಬೇರು ಕುಟ್ಟಿ ಮಾಡುವ ಯಂಗೋನ ಪಾನೀಯದ ಬೋಗುಣಿಯ ಸುತ್ತ ಕೂತ ಗಂಡಸರು ಮಾತ್ರ, ಇಷ್ಟು ದಿನದ ಪೆಟ್ರೋಲ್ ಎಲ್ಲಿ ಹೋಯಿತೆಂದು ಹಿಂದಕ್ಕೆ ಲೆಕ್ಕ ಹಾಕತೊಡಗಿದರು. ಊರ ಮುಖಂಡ ಸಕಿಯೂಸಾ ವರಸೆಯಲ್ಲಿ ಇಲಿಯೇಸಾಗೆ ಭಾವ. ಭಾವಂದಿರು ಏನು ಗೇಲಿ ಮಾಡಿದರೂ ನಡೆಯುತ್ತದೆ.

"ಏನ್ ಭಾವ, ಇಷ್ಟು ವರ್ಷ ಬಾಯಾರಿಕೆ ಆಗ್ತಿದ್ದದ್ದು ಎಂಜಿನ್ನಿಗೋ, ನಿನ್ನ ಕ್ಯಾನಿಗೋ?"

ಎಲ್ಲರೂ ನಕ್ಕರು. ಇಲಿಯೇಸಾ ಸಹ ನಕ್ಕರು. ಮರುದಿನವೂ ಅದೇ ಮಾತು ಬಂತು. ಮೂರನೆಯ ಸಂಜೆ ಯಾರೂ ನಗಲಿಲ್ಲ. ಆಮೇಲೆ ಇಲಿಯೇಸಾ ಬೋಗುಣಿಯ ಹತ್ತಿರ ಬರುವುದನ್ನು ಬಿಟ್ಟರು, ಚರ್ಚಿಗೆ ಹೋಗುವುದನ್ನೂ ಬಿಟ್ಟರು. ಗುಡ್ಡದ ಮೇಲಿನ ಕೆಸುವಿನ ತೋಟದ ಗುಡಿಸಲಿಗೆ ಚಾಪೆ ಸಾಗಿಸಿದರು.

"ನಂಗೂ ಅನುಮಾನ ಬಂತು, ಸುಳ್ಳು ಯಾಕೆ ಹೇಳ್ಲಿ," ಎನ್ನುವಾಗ ಸಲಾ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡುತ್ತಾರೆ. "ಮಾವ ತೋಟದಲ್ಲಿದ್ದಾಗ ಗುಡಿಸಲಿಗೆ ಹೋಗಿ ಖಾಲಿ ಕ್ಯಾನುಗಳನ್ನ ಒಂದೊಂದಾಗಿ ಮೂಸಿದೆ. ಯಾವುದರಲ್ಲೂ ಪೆಟ್ರೋಲ್ ವಾಸನೆ ಇರ್ಲಿಲ್ಲ. ತಿರುಗಿ ನೋಡ್ತೀನಿ, ಮಾವ ಬಾಗಿಲಲ್ಲಿ ನಿಂತಿದ್ರು. ಎಳನೀರು ಕೆತ್ತಿ ಕೊಟ್ರು."

ಮುಂದಿನ ಶನಿವಾರ, ಶಾಲೆಗೆ ರಜೆ ಇದ್ದಾಗ, ಊರ ಕಣ್ಣೆದುರೇ ಸಲಾ ತಾವು ಸರಿಮಾಡಿದ್ದನ್ನೆಲ್ಲ ಕೆಡಿಸಿದರು. ಎಸೆಯದೆ ಇಟ್ಟಿದ್ದ ಹಳೆಯ ಪ್ರೊಪೆಲರ್, ಹಳೆಯ ಪ್ಲಗ್ಗು, ಕಾರ್ಬುರೇಟರಿನ ಸವೆದ ಭಾಗಗಳನ್ನೇ ಮತ್ತೆ ಹಾಕಿದರು. ಮಕ್ಕಳ ತೂಕಕ್ಕೆ ಮರಳಿನ ಚೀಲ ಹೇರಿದರು. ಸಕಿಯೂಸಾ ಕೈಯಿಂದಲೇ ಟ್ಯಾಂಕ್ ತುಂಬಿಸಿ, ಅವರನ್ನೇ ಅದರ ಪಕ್ಕ ಕೂರಿಸಿಕೊಂಡು ಶಾಲೆಯ ದಾರಿ ಹಿಡಿದರು. ಈಗೀಗ ಒಂದು ಟ್ಯಾಂಕಿಗೆ ಶಾಲೆಗೆ ಎರಡು ಸಲ ಹೋಗಿಬರಬಹುದು. ಅವತ್ತು ಎರಡನೇ ಸಲ ಹೊರಟ ದೋಣಿ ಶಾಲೆಯ ದಡವನ್ನೂ ಮುಟ್ಟದೆ, ಬಂಡೆಸಾಲಿನ ಹತ್ತಿರ ಟ್ಯಾಂಕ್ ಬರಿದಾಗಿ ಕೆಮ್ಮಿ ನಿಂತಿತು.

"ನೀನು ಬೇಕಂತಲೇ ಬೇರೆ ಯಾವುದೋ ಮುರುಕು ಹಾಕಿದ್ದೀಯ," ಎಂದರಂತೆ ಸಕಿಯೂಸಾ.

ಸಲಾ ಎಂಜಿನ್ನನ್ನು ನೀರಿನಿಂದ ಮೇಲಕ್ಕೆತ್ತಿ ಸೊಟ್ಟ ರೆಕ್ಕೆಯ ಮೇಲಿನ ಸೀಳು ತೋರಿಸಿದರು. ರಗ್ಬಿ ಪಂದ್ಯಕ್ಕೆ ಹೋಗುವಾಗ ದೋಣಿ ಬಂಡೆಗೆ ಬಡಿದ ದಿನದ ಗುರುತು ಅದು. ಅವತ್ತು 'ಬೇಗ ಹೋಗು, ಬೇಗ ಹೋಗು' ಎಂದು ಇಲಿಯೇಸಾರನ್ನು ಅವಸರಪಡಿಸಿದ್ದವರು ಇದೇ ಸಕಿಯೂಸಾ.

"ಅವರ ಕೈಗೆ ಹುಟ್ಟು ಕೊಟ್ಟೆ, ಹಾಕಿದ್ರು. ಊರ ತನಕ ಹಾಕಿದ್ರು," ಎನ್ನುತ್ತಾರೆ ಸಲಾ.

ಆ ಸಂಜೆ ಸಕಿಯೂಸಾ ತಪ್ಪೊಪ್ಪಿಗೆಯ ಕಾಣಿಕೆಯಾಗಿ ಯಂಗೋನದ ಬೇರಿನ ಕಟ್ಟು ಹೊತ್ತು ಗುಡ್ಡ ಹತ್ತಿ, ಇಲಿಯೇಸಾ ಮುಂದೆ ತಲೆ ತಗ್ಗಿಸಿ ಕೂತರು. ಇಲಿಯೇಸಾ ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಕಡೆಗೆ ಕೈ ಚಾಚಿ, "ಎತ್ಕೊಳ್ತೀನಿ ಭಾವ. ಆದ್ರೆ ಕುಟ್ಟೋನು ನೀನೇ," ಎಂದರಂತೆ.

ಇಲಿಯೇಸಾ ಈಗ ಮತ್ತೆ ಊರಲ್ಲೇ ಇದ್ದಾರೆ. ನಾನು ಹೋದಾಗ ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಪೂರ್ತಿ ಶುದ್ಧ ಅಂತ ಬರೀಬೇಡಪ್ಪ. ಚರ್ಚಿನ ಹುಲ್ಲು ಕತ್ತರಿಸೋ ಯಂತ್ರಕ್ಕೆ ಆಗಾಗ ದೋಣಿ ಪೆಟ್ರೋಲನ್ನೇ ಒಂದೊಂದು ಬಾಟ್ಲಿ ಹಾಕಿದ್ದೀನಿ. ಸಲಾ ಮೂಸಿದ್ದು ನನ್ನ ಕ್ಯಾನುಗಳನ್ನ, ಚರ್ಚಿನ ಕ್ಯಾನನ್ನಲ್ಲ!"

ಸಲಾಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತಿತ್ತು. ಎಂಜಿನ್ ಎಷ್ಟೇ ಕುಡುಕ ಆದ್ರೂ ಅಷ್ಟು ಕುಡಿಯೋಕಾಗಲ್ಲ. ಲೆಕ್ಕಕ್ಕೆ ಸಿಗದ್ದು ಸ್ವಲ್ಪ ಮಿಕ್ಕಿತ್ತು. ನಾನು ಕೇಳ್ಲಿಲ್ಲ, ಅಷ್ಟೇ."

ಮಕ್ಕಳು ಒಬ್ಬೊಬ್ಬರಾಗಿ ದೋಣಿ ಹತ್ತುತ್ತಿದ್ದಾರೆ. ದೊಡ್ಡವರು ಹೇಳಿಸಿಕೊಳ್ಳದೆ ಮುಂದೆ ಹೋಗಿ ಕೂರುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಸಲಾರನ್ನು ಕೇಳಿದೆ. ಹೊಸ ಎಂಜಿನ್ ಕೇಳುತ್ತಾರೆ ಅಂದುಕೊಂಡಿದ್ದೆ.

ಸಲಾ ಹಗ್ಗ ಎಳೆದರು. ಎಂಜಿನ್ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು.

"ನನ್ನ ನಂತರ ಯಾರೋ ಬರ್ತಾರೆ ಅಣ್ಣ. ನನಗಿಂತ ಚೆನ್ನಾಗಿ ಕಲಿತಿರ್ತಾರೆ, ಇನ್ನೂ ಕಮ್ಮಿ ಪೆಟ್ರೋಲಲ್ಲಿ ಓಡಿಸ್ತಾರೆ. ಓಡಿಸ್ಲೇಬೇಕು. ಅವತ್ತು ಈ ಊರು ನನ್ನನ್ನ ಕಳ್ಳಿ ಅನ್ನದೆ ಇದ್ರೆ ಸಾಕು."