ಒಂಬತ್ತಕ್ಕೇ ನಿಂತ ನಮಸ್ಕಾರ

ಹತ್ತನೆಯ ಸೂರ್ಯನಮಸ್ಕಾರಕ್ಕೆ ಬಗ್ಗಿ ಎರಡೂ ಅಂಗೈಗಳನ್ನು ನೆಲಕ್ಕೆ ಊರಿದ್ದೆ. ತಲೆ ಎತ್ತಿದರೆ ಮೂವತ್ತು ಅಡಿ ದೂರದ ಒಣಹುಲ್ಲಿನಲ್ಲಿ ಮೌಂಟನ್ ಲಯನ್ ನಿಂತು ನನ್ನನ್ನೇ ನೋಡುತ್ತಿತ್ತು. ಸಿಂಹವೆಂದು ಹೆಸರಷ್ಟೇ, ಕೇಸರವಿಲ್ಲ. ಜಿಂಕೆಯ ಬಣ್ಣದ ಮೈ, ಹಗ್ಗದಂಥ ಉದ್ದ ಬಾಲ.

ವಿದೇಶದ ಎವರ್‌ಗ್ರೀನ್ ಎಂಬ ಬೆಟ್ಟದೂರಿನಲ್ಲಿರುವ ಮಗಳ ಮನೆಯ ಹಿಂದಿನ ಗುಡ್ಡವದು. ಮೊಮ್ಮಗಳು ಹಿಂದಿನ ದಿನವೇ ಎಚ್ಚರಿಸಿದ್ದಳು: "ತಾತಾ, ಅಲ್ಲಿ ಬೆಂಡ್ ಆಗ್ಬೇಡಿ. ಮೌಂಟನ್ ಲಯನ್ ಡೀರ್ ಅನ್ಕೊಳ್ಳತ್ತೆ!"

"ಇಷ್ಟು ಮುದಿ ಜಿಂಕೇನ ಯಾರು ತಿಂತಾರೆ ಹೋಗೇ" ಎಂದು ನಕ್ಕಿದ್ದೆ.

ಓಡಬಾರದು, ಬೆನ್ನು ತೋರಿಸಬಾರದು, ದೊಡ್ಡದಾಗಿ ಕಾಣಬೇಕು ಎಂದೂ ಅವಳು ಹೇಳಿದ್ದಳು. ಅದರ ಮೇಲಿಂದ ಕಣ್ಣು ತೆಗೆಯದೆ ಮೆಲ್ಲನೆ ಎದ್ದು ನಿಂತೆ. ಜಾಕೆಟ್ಟಿನ ಎರಡೂ ಅಂಚುಗಳನ್ನು ರೆಕ್ಕೆಯಂತೆ ಅಗಲಿಸಿ, "ಹೋಗಾಚೆ!" ಎಂದು ಗಟ್ಟಿಯಾಗಿ ಗದರಿದೆ. ಅದು ಇನ್ನೂ ಸ್ವಲ್ಪ ಹೊತ್ತು ನೋಡಿ, ಅವಸರವಿಲ್ಲದೆ ಪೊದೆಯೊಳಗೆ ಹೋಯಿತು.

ನಲವತ್ತು ವರ್ಷಗಳಿಂದ ತಪ್ಪದ ಹನ್ನೆರಡು ನಮಸ್ಕಾರ ಅಂದು ಒಂಬತ್ತಕ್ಕೇ ನಿಂತವು. ಸೂರ್ಯೋದಯದ ಹೊತ್ತು ಅದಕ್ಕೆ ಬೇಟೆಯ ಹೊತ್ತಂತೆ. ಅದರ ನಿಯಮ ನನ್ನದಕ್ಕಿಂತ ಹಳೆಯದು. ಗುಡ್ಡವನ್ನು ಅದಕ್ಕೆ ಬಿಟ್ಟುಕೊಟ್ಟು ಈಗ ಗ್ಯಾರೇಜಿನಲ್ಲಿ ಮಾಡುತ್ತೇನೆ. ಬಗ್ಗುವ ಮುನ್ನ ಒಮ್ಮೆ ಸುತ್ತ ನೋಡುವುದು ಮಾತ್ರ ನಿಯಮದಲ್ಲಿ ಹೊಸದಾಗಿ ಸೇರಿದೆ.